ವಿರೂಪಾಕ್ಷ ಕಾಕಾ ಮುಚ್ಚದ ಹಡಗು

ಯಾರ ಮನೆಗೆ ಊಟಕ್ಕೆ ಹೋದರೂ ವಿರೂಪಾಕ್ಷ ಕಾಕಾ ಅವರ ಜೇಬಿನಿಂದ ಮೊದಲು ಹೊರಬರುತ್ತಿದ್ದುದು ಅಳತೆ ಟೇಪು. ಸೋಫಾ ಅಳೆದು, "ಮೂರು ಮಂದಿಗೆ ಅಂತ ಮಾರ್ಯಾರ, ಕೂಡೂದು ಎರಡೂವರಿ ಮಂದಿ" ಎಂದು ತೀರ್ಪು ಕೊಡುತ್ತಿದ್ದರು. ಗದಗಿನವರು. ಅಮೆರಿಕದ ಎವರೆಟ್‌ ಊರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪ್ರಯಾಣಿಕರ ಸೀಟು ಕೂರಿಸಿದ ಎಂಜಿನಿಯರ್. ಸೀಟಿನ ಜಾಗ ಒಂದಿಂಚು ಕಡಿಮೆ ಮಾಡಿ ಎಂದು ಮೇಲಿನವರು ಹೇಳಿದಾಗಲೆಲ್ಲ ಜಗಳವಾಡಿ, ಕೊನೆಗೆ ಹಾಗೆಯೇ ಮಾಡಿದ್ದರಂತೆ. ಆ ಸಂಕಟ ಅವರನ್ನು ಬಿಟ್ಟಿರಲಿಲ್ಲ.

ನಿವೃತ್ತರಾದ ಮೇಲೆ ಗ್ಯಾರೇಜಿನಲ್ಲಿ ಮರದ ಹಡಗು ಮಾಡಲು ಕೂತರು. ಬಂದರಿನ ಪುಟ್ಟ ಪ್ರದರ್ಶನಕ್ಕೆ, ಹತ್ತೊಂಬತ್ತನೆಯ ಶತಮಾನದ ಸರಕು ಹಡಗೊಂದರ ಮಾದರಿ. ಆ ಹಡಗಿನ ಹಳೆಯ ನಕ್ಷೆಯನ್ನು ಒಂದು ದಿನ ಪಕ್ಕದ ಮನೆಯ ನನಗೆ ತೋರಿಸಿದರು. ಸರಕು ತುಂಬುವ ಕೆಳ ಅಂತಸ್ತಿನಲ್ಲಿ ಚೀನಾದ ಕೂಲಿಗಳನ್ನು ಸಾಗಿಸಲು ಸಾಲಾಗಿ ಹಲಗೆ ಹೊಡೆದಿದ್ದರು.

"ತಮ್ಮಾ, ಒಬ್ಬಂವಗ ಎರಡು ಗೇಣು ಜಾಗ. ತಿಂಗಳಗಟ್ಲೆ ಸಮುದ್ರ. ಈ ಗೆರಿ ಎಳದಂವ ನನ್ನಂಥಾಂವನ ಇರಬೇಕು."

ಅಂದಿನಿಂದ ಹಾಯಿ, ಹಗ್ಗ ಎಲ್ಲ ಪಕ್ಕಕ್ಕೆ. ಹಡಗಿನ ಒಂದು ಮಗ್ಗುಲನ್ನೇ ತೆರೆದಿಟ್ಟು, ಬೆಂಕಿಕಡ್ಡಿಯಷ್ಟು ಮನುಷ್ಯರನ್ನು ಕೆತ್ತಿ ಒಳಗೆ ಮಲಗಿಸಿದರು. ಒಬ್ಬನ ಮುಖ ಇನ್ನೊಬ್ಬನಂತಿಲ್ಲ. ಒಬ್ಬ ಬಾಯಿಗೆ ಕೈ ಹಿಡಿದು ಕೆಮ್ಮುತ್ತಿದ್ದ, ಇನ್ನೊಬ್ಬ ಪಕ್ಕದವನ ಹೆಗಲಿಗೆ ಒರಗಿದ್ದ.

ಪ್ರದರ್ಶನದವರು, ಸಂಸಾರಸ್ಥರು ಬರುವ ಜಾಗ, ಆ ಮಗ್ಗುಲು ಮುಚ್ಚಿಕೊಡಿ ಎಂದರು. ನಾನೂ ದೊಡ್ಡ ಜಾಣನಂತೆ, "ಒಂದು ಹಲಗೆ ಹಾಕ್ಬಿಡಿ ಕಾಕಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದೆ.

"ಅಡ್ಜಸ್ಟ್ ಮಾಡಿ ಮಾಡೇ ಒಂದೊಂದ ಇಂಚು ಬಿಟ್ಟುಕೊಟ್ಟೀನಿ. ಇವರದು ಬಿಡಾಂಗಿಲ್ಲ."

ಹಡಗನ್ನು ಎತ್ತಿಕೊಂಡು ಮನೆಗೆ ಬಂದರು. ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು.

ಕಡೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ. ಟೇಪು ಕೈಗಿಟ್ಟು, ಮಂಚದ ಅಗಲ ಅಳೆ ಎಂದರು. ಅಳೆದು ಹೇಳಿದೆ. "ಇದರಾಗ ಆ ಹಡಗಿನವರು ಇಬ್ಬರು ಮಲಗತಿದ್ರು. ನಾ ಒಬ್ಬನ ಅದೀನಿ. ಭಾಳ ಶ್ರೀಮಂತ ನೋಡು" ಎಂದು ನಕ್ಕರು. ಅಂಥ ದೊಡ್ಡ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ.

ಅವರು ತೀರಿಕೊಂಡ ಮೇಲೆ, ಮುಚ್ಚುವುದಿಲ್ಲ ಎಂದು ಮಾತು ಕೊಟ್ಟು ಪ್ರದರ್ಶನದವರೇ ಹಡಗನ್ನು ಕೇಳಿ ಒಯ್ದರು. ನಾನು ನೋಡಲು ಹೋದೆ. ಮಾತಿಗೆ ತಪ್ಪಿರಲಿಲ್ಲ, ಮುಚ್ಚಿರಲಿಲ್ಲ. ತೆರೆದ ಮಗ್ಗುಲನ್ನು ಗೋಡೆಯ ಕಡೆಗೆ ಇಟ್ಟಿದ್ದರು, ಅಷ್ಟೆ. ನಾನು ಯಾರನ್ನೂ ಕೇಳಲಿಲ್ಲ. ಎರಡೂ ಕೈಯಿಂದ ಹಿಡಿದು ಹಡಗನ್ನು ಜನರ ಕಡೆಗೆ ತಿರುಗಿಸಿದೆ. ಯಾರಾದರೂ ಮತ್ತೆ ತಿರುಗಿಸಿಯಾರೆಂದು ಬಾಗಿಲು ಹಾಕುವವರೆಗೂ ಅಲ್ಲೇ ನಿಂತಿದ್ದೆ.