ಗಾಜಿನ ಹಿಂದೆ ತೂಗುಹಾಕಿದ ಅಂಗಿ

ಹೋದ ತಿಂಗಳು ಪೋರೂರಿನ ಹತ್ತಿರ ನನ್ನ ಅಣ್ಣನ ಮಗಳು ಮಧು ಕಾರು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ಮುಂದೆ ಹೋಗುತ್ತಿದ್ದ ಜಲ್ಲಿ ಲಾರಿಯಿಂದ ಒಂದು ಕಲ್ಲು ಹಾರಿಬಂದು ಟಪ್ಪೆಂದು ನಮ್ಮ ಮುಂದಿನ ಗಾಜಿಗೆ ಬಡಿಯಿತು. ಇಬ್ಬರೂ ತಲೆ ತಗ್ಗಿಸಿದೆವು. ಎತ್ತಿ ನೋಡಿದರೆ ಗಾಜಿನ ಮೇಲೆ ಅಂಗೈಯಗಲ ಬಿರುಕುಗಳ ಬಲೆ ಹರಡಿತ್ತು. ನಮ್ಮ ಮಡಿಲಿಗೆ ಒಂದು ಚೂರೂ ಬಿದ್ದಿರಲಿಲ್ಲ.

ಮಧು ಗಾಡಿಯನ್ನು ಬದಿಗೆ ನಿಲ್ಲಿಸಿ, "ಎಪ್ಪಡಿ ಅತ್ತೆ ಉಡೈಯಲೆ?" ಎಂದಳು. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ನಮ್ಮಿಬ್ಬರ ಸಂಸಾರ ಮೊದಲಿನಿಂದಲೂ ಹೀಗೇ ನಡೆದಿದೆ. ಹೇಗೆ ಒಡೆಯಲಿಲ್ಲ ಎಂದು ಅವಳ ಪ್ರಶ್ನೆ.

"ಒಡೆದಿದೆ ಕಣೇ. ಬಿದ್ದಿಲ್ಲ, ಅಷ್ಟೆ" ಎಂದೆ. ಅಂದಮೇಲೆ ಹೊಳೆಯಿತು, ಅದು ನನ್ನ ಮಾತಲ್ಲ, ಉಪಾಧ್ಯರದು.

ಶ್ರೀಪತಿ ಉಪಾಧ್ಯರನ್ನು ನಿಮಗೆ ಪರಿಚಯ ಮಾಡಿಕೊಡಬೇಕು. ಎಂಬತ್ತರ ದಶಕದ ಮೊದಲ ವರ್ಷಗಳು. ಊರಿಗೆ ಆಗಿನ್ನೂ ಮದ್ರಾಸು ಎಂದೇ ಹೆಸರು. ನಮ್ಮಪ್ಪ ರೈಲ್ವೆಯಲ್ಲಿದ್ದರು, ಮನೆ ಮಾಂಬಲಂನಲ್ಲಿ. ಟೈಪಿಂಗ್, ಶಾರ್ಟ್‌ಹ್ಯಾಂಡ್ ಎರಡೂ ಪಾಸು ಮಾಡಿ ಮನೆಯಲ್ಲಿ ಕೂತಿದ್ದ ನನಗೆ ಪಲ್ಲಾವರಂನ ಒಂದು ಗಾಜಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಲೋಕಲ್ ಟ್ರೇನಿನಲ್ಲಿ ಹೋಗಿ, ಸಂಜೆ ಅದರಲ್ಲೇ ವಾಪಸ್ಸು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಮಾಡಿನ ಎರಡು ಶೆಡ್ಡು, ಇಪ್ಪತ್ತು ಚಿಲ್ಲರೆ ಜನ. ಬಸ್ಸು ಲಾರಿಗಳಿಗೆ ಮುಂದಿನ ಗಾಜು ಮಾಡುತ್ತಿದ್ದರು. ಉಪಾಧ್ಯರು ಅಲ್ಲಿಯ ಫೋರ್‌ಮನ್.

ಅವರದು ಉಡುಪಿ ಕಡೆ. ಅಣ್ಣಂದಿರೆಲ್ಲ ಮೈಲಾಪೂರಿನಲ್ಲಿ ಹೋಟೆಲು ನಡೆಸುತ್ತಿದ್ದರು. ಇವರೊಬ್ಬರು ಮಾತ್ರ ಇಡ್ಲಿಯ ಹಬೆಯಿಂದ ತಪ್ಪಿಸಿಕೊಂಡು ಐಟಿಐ ಓದಿ ಗಾಜಿಗೆ ಬಂದವರು. ಬಂದು ಸಿಕ್ಕಿಬಿದ್ದದ್ದೂ ಒಂದು ದೊಡ್ಡ ಹಬೆಪಾತ್ರೆಯಂಥ ಯಂತ್ರದ ಮುಂದೆಯೇ ಎಂದು ಅವರೇ ಹೇಳಿ ನಗುತ್ತಿದ್ದರು. ಲಾರಿ ಮಲಗಬಹುದಾದಷ್ಟು ಉದ್ದದ ಕಬ್ಬಿಣದ ಉರುಳೆ ಅದು. ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ತೆಳು ಹಾಳೆ ಇಟ್ಟು, ಅದರೊಳಗೆ ತಳ್ಳಿ, ಬಾಗಿಲು ಬಿಗಿದು, ಬಿಸಿಯನ್ನೂ ಗಾಳಿಯ ಒತ್ತಡವನ್ನೂ ಕೊಡುತ್ತಿದ್ದರು. ಒಳಗೆ ಹೋಗುವಾಗ ಆ ಪ್ಲಾಸ್ಟಿಕ್ಕು ಗಂಜಿಯ ಕೆನೆಯ ಹಾಗೆ ಮಬ್ಬು. ಬೆಂದು ಹೊರಗೆ ಬಂದಾಗ ಅದು ಇದೆಯೆಂದೇ ಕಾಣುತ್ತಿರಲಿಲ್ಲ. ನಾನು ಮೊದಲ ಸಲ ನೋಡಿದಾಗ, "ಪ್ಲಾಸ್ಟಿಕ್ ಎಲ್ಲಿ ಹೋಯ್ತು?" ಎಂದು ಕೇಳಿ ಇಡೀ ಶೆಡ್ಡನ್ನು ನಗಿಸಿದ್ದೆ.

ಆ ಪ್ಲಾಸ್ಟಿಕ್ ಸುರುಳಿಗಳಿಗೆ ಸೆಕೆ ಆಗದು, ತೇವ ಆಗದು. ಹಾಗಾಗಿ ಇಡೀ ಕಾರ್ಖಾನೆಯಲ್ಲಿ ಏಸಿ ಇದ್ದದ್ದು ಅವುಗಳ ಕೋಣೆಗೆ ಮಾತ್ರ. ಮಾಲೀಕರ ಕೋಣೆಗೂ ಇರಲಿಲ್ಲ. ಮೇ ತಿಂಗಳಲ್ಲಿ ನಮಗೆಲ್ಲ ಆ ಕೋಣೆಯಲ್ಲಿ ಏನಾದರೂ ಕೆಲಸ ಹೊಳೆಯುತ್ತಲೇ ಇತ್ತು. ಆದರೆ ಬಾಗಿಲಲ್ಲಿ ಉಪಾಧ್ಯರು ತಡೆಯುತ್ತಿದ್ದರು. "ಮಲ್ಲಿಗೆ ತೆಗೆದಿಟ್ಟು ಬನ್ನಿ ಮಾರಾಯ್ತಿ. ಒಂದು ಎಸಳು ಬಿದ್ರೆ ಗಾಜಿನೊಳಗೆ ಹೂವೇ ಬೇಯ್ತದೆ." ಒಂದು ಕೂದಲು, ಒಂದು ಧೂಳಿನ ಕಣ ಒಳಗೆ ಸೇರಿದರೂ ಅಲ್ಲಿ ಗುಳ್ಳೆ ಏಳುತ್ತದಂತೆ.

ಒಂದು ದಿನ ನಮಗೆ ಹೊಸ ಬಗೆಯ ಕೆಲಸ ಬಂತು. ಮೈಲಾಪೂರಿನ ಒಂದು ಬ್ಯಾಂಕ್ ಶಾಖೆಗೆ, ಕ್ಯಾಷಿಯರ್ ಕೂರುವ ಜಾಗದ ಮುಂದೆ, ಗುಂಡು ತಡೆಯುವ ಗಾಜು ಬೇಕಿತ್ತು. ಬೇರೆ ಯಾವುದೋ ಊರಿನಲ್ಲಿ ದರೋಡೆ ಆಗಿ ಬ್ಯಾಂಕಿನವರು ಹೆದರಿದ್ದರು. ಮಂತ್ರಿಗಳ ಕಾರಿಗೆ, ಒಡವೆ ಅಂಗಡಿಗೆ ಇಂಥ ಗಾಜು ಹಾಕುತ್ತಾರೆಂದು ಕೇಳಿದ್ದೆವೇ ಹೊರತು ನಮ್ಮಲ್ಲಿ ಯಾರೂ ಮಾಡಿರಲಿಲ್ಲ. ನಮ್ಮ ಮಾಲೀಕರು ಸುಂದರಂ, ಎಲ್ಲರ ಬಾಯಲ್ಲಿ ಮೊದಲಾಳಿ, ಕುರ್ಚಿಯಲ್ಲಿ ಕೂರಲಾರದಷ್ಟು ಖುಷಿಪಟ್ಟರು. ಇದೊಂದು ಸರಿಹೋದರೆ ಆ ಬ್ಯಾಂಕಿನ ಉಳಿದ ಶಾಖೆಗಳೂ ನಮಗೇ. ಅವರು ನನ್ನಿಂದ "ಬುಲೆಟ್‌ಪ್ರೂಫ್" ಎಂದು ಟೈಪು ಮಾಡಿಸಿದರೆ ಉಪಾಧ್ಯರು ಅದನ್ನು ಹೊಡೆದುಹಾಕುತ್ತಿದ್ದರು. "ಯಾವ ಗುಂಡಿಗೂ ಬಗ್ಗದ ಗಾಜು ಅಂತ ಇಲ್ಲ. ಇಂಥ ಬಂದೂಕು, ಇಷ್ಟು ದೂರ, ಇಷ್ಟು ಗುಂಡು. ತಡೆಯುದು ಅಂತ ಹೇಳ್ಬೇಕು."

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಮೊದಲನೆಯ ಗಾಜು ಗಟ್ಟಿ, ಗುಂಡು ಬಂದು ಬಡಿದಾಗ ಅದರ ಮೊನೆ ಚಪ್ಪಟೆಯಾಗುತ್ತದೆ. ಗಾಜು ಪುಡಿಯಾಗುತ್ತದೆ, ಆದರೆ ಪುಡಿಯಾಗುವುದರಲ್ಲೇ ಗುಂಡಿನ ಬಲ ಸೋರಿಹೋಗುತ್ತದೆ. ಹಿಂದಿನ ಪ್ಲಾಸ್ಟಿಕ್ಕು ಎಳೆದರೆ ಹಿಗ್ಗುವಂಥದು, ಚೂರುಗಳನ್ನು ಹಿಡಿದುಕೊಂಡು ಹೊಡೆತವನ್ನು ಅಗಲಕ್ಕೆ ಹರಡುತ್ತದೆ. ಮತ್ತೆ ಗಾಜು, ಮತ್ತೆ ಪ್ಲಾಸ್ಟಿಕ್ಕು. ಹೀಗೆ ಪದರ ಪದರವಾಗಿ ಸುಸ್ತಾಗುತ್ತಾ ಗುಂಡು ನಡುವೆಲ್ಲೋ ನಿಂತುಬಿಡಬೇಕು. "ಒಡೆಯಬಾರದು ಅಂತ ಅಲ್ಲ. ಒಡೀಲಿಕ್ಕೇ ಇಟ್ಟದ್ದು ಅದನ್ನು. ಬೀಳ್ಬಾರದು, ಅಷ್ಟೆ." ನನಗೆ ಎಷ್ಟು ಕುತೂಹಲವೆಂದರೆ, ಸಂಜೆ ಮನೆಗೆ ಹೋಗಿ ಇದನ್ನೇ ಅಮ್ಮನಿಗೆ ಒಪ್ಪಿಸುತ್ತಿದ್ದೆ. "ಮದುವೆಗೆ ಬಂದ ಹುಡುಗಿ ಬಂದೂಕಿನ ಮಾತಾಡ್ತಾಳಲ್ಲ" ಎಂದು ಅಮ್ಮ ಪೇಚಾಡಿಕೊಳ್ಳುತ್ತಿದ್ದಳು.

ಪರೀಕ್ಷೆ ನಡೆದದ್ದು ಗುಡ್ಡದ ಬುಡದಲ್ಲಿ ಗುಂಡಿನ ಅಭ್ಯಾಸಕ್ಕೆಂದು ಇದ್ದ ಒಂದು ಬಯಲಿನಲ್ಲಿ. ಅನುಮತಿ ಪಡೆದು ಬೆಳಿಗ್ಗೆ ಹತ್ತಕ್ಕೆ ಹೋದೆವು. ಗುಂಡು ಹಾರಿಸಲು ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರರು, ಬರೆದುಕೊಳ್ಳಲು ನಾನು. ಬ್ಯಾಂಕಿನ ಅಧಿಕಾರಿಯೂ ಬರಬೇಕಿತ್ತು, ಅವರಿಗೆ ಅವತ್ತೇ ಜ್ವರ. ವರದಿ ಕಳಿಸಿ, ಸಾಕು ಎಂದಿದ್ದರು.

ಗಾಜನ್ನು ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿದರು. ಆಗ ಮೊದಲಾಳಿ, ಬಿಳೀ ಅಂಗಿಯ ತೋಳು ಮಡಚುತ್ತಾ, "ಹಿಂದೆ ನಾನೇ ನಿಲ್ಲುತ್ತೇನೆ. ನನ್ನ ಗಾಜಿನ ಮೇಲೆ ನನಗೇ ನಂಬಿಕೆ ಇಲ್ಲದಿದ್ದರೆ ಯಾರಿಗೆ ಇರುತ್ತೆ?" ಎಂದರು, ತಮಿಳಿನಲ್ಲಿ, ಸಿನಿಮಾದ ದನಿಯಲ್ಲಿ. ತಮಾಷೆ ಅಂದುಕೊಂಡೆ. ಅವರು ಹೋಗಿ ನಿಂತೇಬಿಟ್ಟರು.

ಸುಬೇದಾರರು ರಿವಾಲ್ವರ್ ಕೆಳಗಿಳಿಸಿದರು. ಉಪಾಧ್ಯರು ಗಾಜಿನ ಹಿಂದಕ್ಕೆ ನಡೆದುಹೋದರು. "ಧೈರ್ಯ ಬೇಕಾದ್ದು ಗಾಜಿಗೆ ಸಾರ್, ನಿಮಗಲ್ಲ. ಆ ಅಂಗಿ ಬಿಚ್ಚಿಕೊಡಿ."

"ಏನಯ್ಯಾ, ನಿನ್ನ ಕೆಲಸದ ಮೇಲೆ ನಿನಗೇ ಸಂಶಯವಾ?"

"ಉಂಟು ಸಾರ್. ಅದಕ್ಕೇ ಪರೀಕ್ಷೆ ಮಾಡುದು."

ಮೊದಲಾಳಿ ಕೆಂಪಾಗಿ, ಗುಂಡಿ ಬಿಚ್ಚಿ, ಅಂಗಿಯನ್ನು ಉಪಾಧ್ಯರ ಕೈಗೆ ಎಸೆದು, ಬನಿಯನ್ನಿನಲ್ಲಿ ನಮ್ಮ ಪಕ್ಕಕ್ಕೆ ಬಂದು ನಿಂತರು. ಉಪಾಧ್ಯರು ಅಂಗಿಯನ್ನು ಗಾಜಿನ ಹಿಂದೆ ಒಂದು ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟರು.

ಮೂರು ಗುಂಡು ಹಾರಿದವು. ಹೊಗೆ ಕರಗಿದ ಮೇಲೆ ಹೋಗಿ ನೋಡಿದರೆ ಮೂರೂ ಗಾಜಿನೊಳಗೆ ಸಿಕ್ಕಿಕೊಂಡು ನಿಂತಿದ್ದವು, ಸುತ್ತ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ. ಒಂದೂ ದಾಟಿರಲಿಲ್ಲ. ಮೊದಲಾಳಿ ಕೈ ತಟ್ಟಿದರು, ನಾನೂ ತಟ್ಟಿದೆ. ಉಪಾಧ್ಯರು ಮಾತ್ರ ಅಂಗಿ ತೆಗೆದು ಬಿಸಿಲಿಗೆ ಹಿಡಿದಿದ್ದರು. ಎದೆಯ ಜಾಗದಲ್ಲಿ, ಜೇಬಿನ ಸುತ್ತ, ಬೆಳಕು ತೂರಿಬರುತ್ತಿತ್ತು. ಒಂದು ತೂತಿನಿಂದ ಅವರ ಕಿರುಬೆರಳು ಈಚೆ ಬಂತು.

ಗುಂಡು ನಿಂತರೂ ಅದರ ಹೊಡೆತ ನಿಂತಿರಲಿಲ್ಲ. ಕೇರಂ ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟು ಈ ತುದಿಗೆ ಹೊಡೆದರೆ, ನಡುವಿನವು ಅಲುಗದೆ ಆ ತುದಿಯ ಕಾಯಿ ಹಾರುತ್ತದಲ್ಲ, ಹಾಗೆ. ಕೊನೆಯ ಗಾಜಿನ ಹಿಂಬದಿಯಿಂದ ಅಲಗಿನಂಥ ಚೂರುಗಳು ಸಿಡಿದು ಅಂಗಿಗೆ ನಾಟಿದ್ದವು.

ವಾಪಸ್ಸು ಬಂದವರೇ ಮೊದಲಾಳಿ ನನ್ನನ್ನು ಕರೆದು ಇಂಗ್ಲಿಷಿನಲ್ಲಿ ವರದಿ ಹೇಳಿ ಬರೆಸಿದರು. ದಿನ, ಸ್ಥಳ, ದೂರ, ಬಂದೂಕಿನ ಬಗೆ. ಕೊನೆಗೆ ಒಂದು ವಾಕ್ಯ: ಗುಂಡು ಗಾಜನ್ನು ದಾಟಿ ಹೋಗಲಿಲ್ಲ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಈ ಕತೆಯನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ನಾನು ಆ ಕ್ಷಣವೇ ಪೆನ್ನು ಕೆಳಗಿಟ್ಟು ಎದುರಾಡಿದೆ ಎಂದು ಹೇಳಿಕೊಂಡಿದ್ದೇನೆ. ನಿಮ್ಮ ಹತ್ತಿರ ನಿಜ ಹೇಳುತ್ತೇನೆ. ನಾನು ತೆಪ್ಪಗೆ ಟೈಪು ಮಾಡಿದೆ, ಎರಡು ಕಾರ್ಬನ್ ಕಾಪಿ ಸಮೇತ. ಇಪ್ಪತ್ತೆರಡು ವರ್ಷ, ಮೊದಲನೇ ಕೆಲಸ, ಮನೆಯಲ್ಲಿ ಇಬ್ಬರು ತಂಗಿಯರು. ಮೇಲಾಗಿ, ಸುಳ್ಳೇನೂ ಇರಲಿಲ್ಲವಲ್ಲ.

ಉಪಾಧ್ಯರು ಬಂದು ಯಂತ್ರದಲ್ಲಿದ್ದ ಹಾಳೆಯನ್ನು ಬಗ್ಗಿ ಓದಿದರು. "ಹಿಂದೆ ಎಂತ ಆಯ್ತು ಅಂತ ಬರೀಲಿಲ್ವಾ?"

"ಸಾರ್ ಹೇಳಿದ್ದು ಇಷ್ಟೇ."

"ಸಾರ್ ಹೇಳಿದ್ದು ಇಷ್ಟು. ನೀವು ನೋಡಿದ್ದು ಎಷ್ಟು?"

ಅವರು ದನಿ ಏರಿಸಲಿಲ್ಲ. "ಬ್ಯಾಂಕಿನಲ್ಲಿ ಕೂರುವವ ಅಂಗಿ ತೂಗುಹಾಕಿ ಕೂರುದಿಲ್ಲ ಮಾರಾಯ್ತಿ. ಅಂಗಿಯ ಒಳಗೆ ಕೂರ್ತಾನೆ" ಎಂದು ಹೇಳಿ ಶೆಡ್ಡಿಗೆ ಹೋದರು.

ಹೊಸ ಹಾಳೆ ಏರಿಸಿದೆ. ಮೊದಲಿನದನ್ನೆಲ್ಲ ಮತ್ತೆ ಟೈಪಿಸಿ, ಕೊನೆಗೆ ಇನ್ನೊಂದು ವಾಕ್ಯ ಸೇರಿಸಿದೆ: ಗಾಜಿನ ಹಿಂಬದಿಯಿಂದ ಸಿಡಿದ ಚೂರುಗಳು ಹಿಂದೆ ಕಟ್ಟಿದ್ದ ಅಂಗಿಯನ್ನು ತೂತು ಮಾಡಿದವು. ಎರಡೂ ಹಾಳೆಗಳನ್ನು ಮೊದಲಾಳಿಯ ಮೇಜಿನ ಮೇಲಿಟ್ಟು, ಅವರು ತಲೆ ಎತ್ತುವ ಮೊದಲೇ ಹೊರಗೆ ಬಂದುಬಿಟ್ಟೆ. ಅರ್ಧ ಗಂಟೆಯಾದ ಮೇಲೆ ಬೆಲ್ಲು ಬಂತು.

ಅವರು ಇನ್ನೂ ಬನಿಯನ್ನಿನಲ್ಲೇ ಕೂತಿದ್ದರು. ತೂತಾದ ಅಂಗಿ ಮೇಜಿನ ಮೇಲಿತ್ತು. ಎರಡನೇ ಹಾಳೆಯನ್ನು ನನ್ನ ಕಡೆ ತಳ್ಳಿದರು. "ಸ್ಪ್ಲಿಂಟರ್ ಸ್ಪೆಲಿಂಗ್ ತಪ್ಪು. ತಿದ್ದಿ ತಾ, ಸೈನ್ ಮಾಡ್ತೇನೆ."

ಅದರಿಂದ ನಷ್ಟವೇ ಆಯಿತು. ಉಳಿದ ಶಾಖೆಗಳ ಕೆಲಸ ಬೇರೆಯವರ ಪಾಲಾಯಿತು, ನಮಗುಳಿದದ್ದು ಇದೊಂದೇ. ಕೊನೆಯ ಪದರಕ್ಕೆ ಗಾಜಿನ ಬದಲು ಚೂರಾಗದ ಗಟ್ಟಿ ಪ್ಲಾಸ್ಟಿಕ್ ಬೇಕೆಂದು ಉಪಾಧ್ಯರು ಹೇಳಿದರು. ಅದು ಹೊರದೇಶದಿಂದ ಬರಬೇಕು, ಅದಕ್ಕೆ ಲೈಸೆನ್ಸು. ಮಾಲು ಬಂದರಿನಲ್ಲಿ ಇಳಿಯುವಷ್ಟರಲ್ಲಿ ನಾಲ್ಕು ತಿಂಗಳು. ಅಷ್ಟು ದಿನವೂ ಮೊದಲಾಳಿ ಉಪಾಧ್ಯರ ಜೊತೆ ಮಾತು ಬಿಟ್ಟಿದ್ದರು. ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದರು, ಮೂವರೂ ಒಂದೇ ಕೋಣೆಯಲ್ಲಿ ನಿಂತಿರುವಾಗಲೂ. ನಾನು ತಮಿಳನ್ನು ಕನ್ನಡಕ್ಕೆ ಮಾಡಿ ಉಪಾಧ್ಯರಿಗೆ ದಾಟಿಸುತ್ತಿದ್ದೆ. ಅವರಿಗೆ ನನಗಿಂತ ಚೆನ್ನಾಗಿ ತಮಿಳು ಬರುತ್ತಿತ್ತು ಎನ್ನುವುದು ಬೇರೆ ಮಾತು.

ಎರಡನೇ ಪರೀಕ್ಷೆಗೆ ಬ್ಯಾಂಕಿನ ಅಧಿಕಾರಿಯೂ ಬಂದರು. ಮೊದಲಾಳಿ ಯಾರೂ ಕೇಳುವ ಮೊದಲೇ ಅಂಗಿ ಬಿಚ್ಚಿ ತಾವೇ ಕ್ಲಿಪ್ಪು ಹಾಕಿ ಬಂದರು. ಮೂರು ಗುಂಡಾದ ಮೇಲೆ ತಾವೇ ಹೋಗಿ ತೆಗೆದರು. ಮುಂದೆ, ಹಿಂದೆ, ತೋಳು, ಜೇಬು, ಎಲ್ಲವನ್ನೂ ಬಿಸಿಲಿಗೆ ಹಿಡಿದು ನೋಡಿದರು. ಒಂದು ತೂತೂ ಇರಲಿಲ್ಲ. ಅಲ್ಲೇ ಕೊಡವಿ ಹಾಕಿಕೊಂಡು, ಗುಂಡಿ ಹಾಕುತ್ತಾ ಉಪಾಧ್ಯರ ಎದುರಿಗೆ ಬಂದು ನಿಂತು, "ವಾಂಗೊ, ಕಾಪಿ ಸಾಪ್ಪಿಡಲಾಂ" ಎಂದರು. ಬನ್ನಿ, ಕಾಫಿ ಕುಡಿಯೋಣ. ನಾನು ಅನುವಾದಿಸಬೇಕಾಗಿ ಬರಲಿಲ್ಲ.

ಇದನ್ನೆಲ್ಲ ಆವತ್ತು ರಸ್ತೆಬದಿಯಲ್ಲಿ ಮೆಕ್ಯಾನಿಕ್ಕಿಗೆ ಕಾಯುತ್ತಾ ಮಧುವಿಗೆ ಹೇಳಿದೆ. ಈ ಸಲ ಇದ್ದದ್ದು ಇದ್ದ ಹಾಗೆ. ಕೇಳಿ ಮುಗಿಸಿ ಅವಳು ತಮಿಳಿನಲ್ಲೇ ಒಂದು ಪ್ರಶ್ನೆ ಕೇಳಿದಳು: ಆಮೇಲೆ ಆ ಬ್ಯಾಂಕಿನಲ್ಲಿ ಯಾರಾದರೂ ಗುಂಡು ಹಾರಿಸಿದರಾ?

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಆ ಕೆಲಸ ಬಿಟ್ಟೆ, ಕಾರ್ಖಾನೆ ಮುಚ್ಚಿತು, ಉಪಾಧ್ಯರು ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಸೋಮವಾರ ಬಸ್ಸು ಹತ್ತಿ ಮೈಲಾಪೂರಿಗೆ ಹೋದೆ. ಶಾಖೆ ಅಲ್ಲೇ ಇದೆ. ಕುರ್ಚಿ ಮೇಜು ಬಣ್ಣ ಎಲ್ಲ ಬದಲಾಗಿದ್ದರೂ ಕ್ಯಾಷಿಯರ್ ಮುಂದಿನ ಗಾಜು ಅದೇ. ಅಂಚಿನಲ್ಲಿ ಪದರಗಳು ಕಾಣುತ್ತಿದ್ದವು, ಒಂದು ಮೂಲೆಯಲ್ಲಿ ವಯಸ್ಸಾಗಿ ಹಳದಿ ತಿರುಗಿತ್ತು. ಕನ್ನಡಕ ಏರಿಸಿ ಮೇಲಿಂದ ಕೆಳಗಿನವರೆಗೆ ಹುಡುಕಿದೆ. ಒಂದು ಗೀರೂ ಇಲ್ಲ. ಕಾವಲಿನವರನ್ನು ಕೇಳಿದೆ. ಇಲ್ಲಿ ಅಂಥದ್ದೇನೂ ಯಾವತ್ತೂ ಆಗಿಲ್ಲಮ್ಮ ಎಂದರು.

ನಂಬುತ್ತೀರೋ ಇಲ್ಲವೋ, ನನಗೆ ಮೊದಲು ಆದದ್ದು ನಿರಾಸೆ. ಅದೂ ಎಂಥ ನಿರಾಸೆ! ನಾವು ಸರಿ ಎಂದು ತೋರಿಸಲು ಯಾರಾದರೂ ಒಬ್ಬ ಬಂದೂಕು ಹಿಡಿದು ಬರಲಿ ಎಂದು ನಾನು ನಲವತ್ತು ವರ್ಷ ಒಳಗೊಳಗೇ ಕಾಯುತ್ತಿದ್ದೆನೆ? ಬಂದಿದ್ದರೆ ಗಾಜಿನ ಆಚೆ ಕೂತವರ ಗತಿ? ಎಲ್ಲರ ಮುಂದೆ ನಿಂತು ನಾಚಿಕೆಯಿಂದ ಮುಖ ಬಿಸಿಯಾಯಿತು. ಉಪಾಧ್ಯರಾಗಿದ್ದರೆ ಖಂಡಿತ ನಿರಾಸೆಪಡುತ್ತಿರಲಿಲ್ಲ.

ಒಳಗೆ ಕೂತಿದ್ದ ಕ್ಯಾಷಿಯರ್ ಹುಡುಗಿಗೆ ಇಪ್ಪತ್ತೈದು ಇರಬಹುದು. ಸಾಲಿನಲ್ಲಿ ನಾನೊಬ್ಬಳೇ ಇದ್ದೆ. ಅವಳು ನನ್ನನ್ನು ಒಮ್ಮೆ ನೋಡಿದಳು, ಗಡಿಯಾರ ನೋಡಿದಳು, ಆಮೇಲೆ ಕೈ ಅಡ್ಡ ಹಿಡಿಯುವುದನ್ನೂ ಮರೆತು ಬಾಯಿ ತುಂಬ ಆಕಳಿಸಿದಳು. ಎಂಥ ನಿಶ್ಚಿಂತೆಯ ಆಕಳಿಕೆ! ಮುಗಿಯುವವರೆಗೂ ಅಲ್ಲೇ ನಿಂತು ನೋಡಿದೆ.