ದೇವ್ಲಿಬಾಯಿ ಮೊಮ್ಮಗಳು ಕೇಳಿದ ನೀರು

ಗೆಳೆಯರೇ, ಇದನ್ನು ಮೊದಲು ಹೇಳಿದವಳು ಲಂಬಾಣಿ ತಾಂಡಾದ ದೇವ್ಲಿಬಾಯಿ, ನಿನ್ನೆ ಸಂಜೆ, ಸಂಡೂರಿನ ಚಹಾದಂಗಡಿಯಲ್ಲಿ. ಬ್ಯಾಂಕಿನವರು ಕನ್ನಡದಲ್ಲಿ ಮಾತಾಡಬೇಕೆಂದು ಇವತ್ತು ಧರಣಿ ಕೂರಲಿದ್ದ ನಾವು ಅವಳನ್ನೂ ಕರೆದೆವು.

“ಬರ್ತೀನ್ರಿ. ಆದ್ರ ಅಂಗನವಾಡ್ಯಾಗ ನನ್ನ ಮೊಮ್ಮಗಳು ‘ಪಾಣಿ’ ಅಂತ ನೀರು ಕೇಳಿದ್ರ, ಕನ್ನಡದಾಗ ಕೇಳು, ಆಮ್ಯಾಲೆ ಕೊಡ್ತೀನಿ ಅಂದಾರ ಟೀಚರು. ಕೂಸಿಗೆ ಇನ್ನೂ ಕನ್ನಡ ಬರಂಗಿಲ್ಲ. ಬಾಯಿ ಒಣಗಿಸ್ಕೊಂಡು ಮನಿಗೆ ಬಂತು.”

ಆ ಟೀಚರು ನಮ್ಮ ಮುಂದಾಳು ಬಸಣ್ಣನ ಹೆಂಡತಿ.

“ಕನ್ನಡ ಕಲೀಲಿ ಅಂತ ಹಂಗ ಅಂದಿರಬೇಕವ್ವಾ,” ಎಂದ ಬಸಣ್ಣ.

“ಕಲೀಲಿ ಯಪ್ಪಾ. ನೀರು ಕುಡಿದು ಕಲೀಲಿ.”

ಇವತ್ತು ಬೆಳಿಗ್ಗೆ ಬಸಣ್ಣ ಹೆಂಡತಿಯನ್ನು ಕರೆದುಕೊಂಡು ಮೊದಲು ತಾಂಡಾಕ್ಕೆ ಹೋಗಿಬಂದ. ಆಮೇಲೆ ಎಲ್ಲರೂ ಬ್ಯಾಂಕಿನ ಮುಂದೆ ಕೂತೆವು. ಘೋಷಣೆ ಕೂಗುವಾಗ ನಮ್ಮ ದನಿ ಯಾಕೋ ಏಳಲಿಲ್ಲ. ದೇವ್ಲಿಬಾಯಿ ಒಬ್ಬಳೇ ಗಟ್ಟಿಯಾಗಿ ಕೂಗಿದಳು, ಕನ್ನಡದಲ್ಲಿ.