ಗಾಜಿನ ಜಾಡಿಯೊಳಗಿನ ಬಾಣಂತನ

ಬೈಕುಲ್ಲಾದಲ್ಲಿ ನಸುಕಿನ ಲೋಕಲ್ ಹತ್ತಿದ ಸುಗರಾ ಮುಲುಂಡ್‌ನಲ್ಲಿ ಇಳಿಯುವಾಗ ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಔಷಧ ಕಂಪನಿಯ ಪ್ರಯೋಗಾಲಯದ ಹಿಂಬಾಗಿಲು ತೆರೆದು, ಸೆರಗು ಸಿಕ್ಕಿಸಿ ತೊಟ್ಟಿಯ ಮುಂದೆ ನಿಂತರೆಂದರೆ ದಿನಕ್ಕೆ ಮುನ್ನೂರು ಬಾಟಲಿ. ಸೋಪಿನ ನೀರು, ನಲ್ಲಿ ನೀರು, ಕೊನೆಗೆ ಭಟ್ಟಿ ಇಳಿಸಿದ ನೀರು. ಎಲ್ಲೋ ಒಂದಿಷ್ಟು ಕೊಳೆ ಉಳಿದರೂ ಬೂಷ್ಟು ಹಿಡಿದು, ಒಳಗೆ ಬೆಳೆಸುವ ಸಸಿ ಹಾಳಾಗುತ್ತದೆ.

ವಿಜಾಪುರ ಕಡೆಯ ಹೆಣ್ಣುಮಗಳು. ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಗೌಸ ಬೆನ್ನುನೋವಿನಿಂದ ಮನೆ ಹಿಡಿದ ಮೇಲೆ ಸಂಸಾರವೆಲ್ಲ ಈ ಬಾಟಲಿಗಳ ಮೇಲೇ ನಿಂತಿದೆ. ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ಕೈ ಪಳಗಿದೆ, ತಲೆ ಮಾತ್ರ ಇನ್ನೂ ಗೊಂದಲದ ಗೂಡು.

ಬಾಟಲಿಯಲ್ಲಿ ಬೆಳೆಯುವುದು ಸರ್ಪಗಂಧ. ಅದರ ಬೇರು ರಕ್ತದೊತ್ತಡಕ್ಕೆ ಮದ್ದು. ಒಂದು ಗಿಡದ ಚಿಗುರನ್ನು ಚೂರು ಚೂರು ಮಾಡಿ ಸಾಕುತ್ತಾರೆ; ಬೀಜವಿಲ್ಲ, ಮಣ್ಣೂ ಇಲ್ಲ. ಸುಗರಾ ಹೇಳುವುದು ಹೀಗೆ:

“ರಮಜಾನದಾಗ ಹಾಲಿಗೆ ಹಾಕಿ ಗಟ್ಟಿ ಮಾಡಿ ತಿಂತೀವಲ್ರಿ, ಅದ ಚೈನಾ ಗ್ರಾಸ್ ಇದಕ್ಕ ನೆಲ. ಒಂದ ಗಿಡ ಕತ್ತರಿಸಿ ನೂರು ಮಾಡ್ತಾರ. ಇದರಾಗ ಅವ್ವ ಯಾರು, ಮಕ್ಕಳು ಯಾರು? ಕೇಳಿದ್ರ ಸಾಹೇಬ್ರು ನಗ್ತಾರ.”

ಸಾಹೇಬರೆಂದರೆ ಧಾರವಾಡದಲ್ಲಿ ಓದಿ ಬಂದ ಗುರಲಿಂಗಪ್ಪ. ಎರಡು ವರ್ಷದ ಹಿಂದೆ, 1972ರಲ್ಲಿ, ಅವರಿಗೂ ನಗು ಮರೆತುಹೋಗಿತ್ತು. ಬಾಟಲಿಯಲ್ಲಿ ನಳನಳಿಸುವ ಸಸಿ ಕುಂಡಕ್ಕೆ ಬಂದರೆ ಸಂಜೆಯೊಳಗೆ ಕುತ್ತಿಗೆ ಚೆಲ್ಲುತ್ತಿತ್ತು. ಎರಡು ಸಲ ಹಾಗೇ ಆಯಿತು. ಮೂರನೆಯ ಸಲವೂ ಸತ್ತರೆ ಕೋಣೆಗೆ ಬೀಗ ಎಂದು ಕಂಪನಿ ಹೇಳಿಬಿಟ್ಟಿತು. ಬೀಗ ಬಿದ್ದರೆ ಸುಗರಾಳ ಒಲೆಯೂ ಆರಿದಂತೆಯೇ.

ಮೂರನೆಯ ಸಲ ಇಪ್ಪತ್ತನಾಲ್ಕು ಸಸಿಗಳನ್ನು ಕುಂಡಕ್ಕಿಟ್ಟು ಸಾಹೇಬರು ತುರ್ತು ಕೆಲಸವೆಂದು ಊರಿಗೆ ಹೋದರು. ಆಗ ಸುಗರಾಳ ಮನೆಯಲ್ಲಿ ಮಗಳು ಬೀಬೀಜಾನಳ ಬಾಣಂತನ. ನಲವತ್ತು ದಿನ ಕೂಸಿಗೆ ಗಾಳಿ ಬಿಸಿಲು ತಾಗಿಸಬಾರದೆಂಬುದು ಅವರ ರೂಢಿ. ಇವೂ ಹಸಿಗೂಸುಗಳೇ ಅಲ್ಲವೇ ಅನ್ನಿಸಿದ್ದೇ ತಡ, ಯಾರನ್ನೂ ಕೇಳದೆ ಸುಗರಾ ಕುಂಡಗಳನ್ನು ಪರದೆಯ ಮರೆಗೆ ಸರಿಸಿ, ಒಂದೊಂದರ ಮೇಲೂ ಗಾಜಿನ ಜಾಡಿ ಬೋರಲು ಹಾಕಿದರು. ಮೂರು ದಿನ ಬಿಟ್ಟು ಬಂದ ಸಾಹೇಬರು ಕೆಂಡವಾದರು. ಬಗ್ಗಿ ನೋಡಿದಾಗ ಸಸಿಗಳು ನಿಂತಿದ್ದವು. ಬೈಗುಳ ಅಲ್ಲಿಗೇ ನಿಂತಿತು.

ದಿನಕ್ಕಿಷ್ಟು ಹೊತ್ತು ಜಾಡಿ ಎತ್ತಿ ಗಾಳಿ ಕುಡಿಸಿ, ನಲವತ್ತನೆಯ ದಿನ ಪೂರ್ತಿ ತೆಗೆದರು. ಹದಿನೇಳು ಉಳಿದವು, ಕೋಣೆಯೂ ಉಳಿಯಿತು. ಆದರೆ ಮುಂದಿನ ಸಲ ಸಾಹೇಬರು ಹದಿನೈದನೆಯ ದಿನಕ್ಕೇ ಜಾಡಿ ತೆಗೆದರು. ಅವೂ ಬದುಕಿದವು! ಹಾಗಾದರೆ ನಲವತ್ತರ ಲೆಕ್ಕ ಏನಾಯಿತು? ಸುಗರಾಗೆ ಇವತ್ತಿಗೂ ಬಗೆಹರಿದಿಲ್ಲ. ಸತ್ತ ಏಳರ ಸಂಕಟವೂ ಹಾಗೇ ಇದೆ.

“ಎಲ್ಲಾ ಒಂದ ಗಿಡದ ತುಂಡು. ಸತ್ತದ್ದೂ ಅದ, ಬದುಕಿದ್ದೂ ಅದ. ನಾ ಅಳಬೇಕೋ ನಗಬೇಕೋ, ಹೇಳ್ರಿ?”

ಬೆಳೆದ ಗಿಡಗಳು ಲಾರಿ ಹತ್ತಿ ಎಲ್ಲಿಗೆ ಹೋಗುತ್ತವೋ ಸುಗರಾಗೆ ತಿಳಿಯದು. ಅವು ಹೂ ಬಿಟ್ಟದ್ದನ್ನು ಒಮ್ಮೆ ನೋಡಬೇಕೆಂಬ ಆಸೆಯಿದೆ. ತೊಳೆದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಾ ಸುಗರಾ ಹೇಳುತ್ತಾರೆ:

“ಈಗೂ ಜಾಡಿ ತೆಗಿಯೂ ಮುಂದ ಸಾಹೇಬ್ರು ನನ್ನ ಕೇಳ್ತಾರ್ರಿ. ಇನ್ನೂ ನಾಕ ದಿನ ತಡೀರಿ ಅಂತೀನಿ. ಯಾಕ ನಾಕ ಅಂದ್ರ ನನಗೂ ಗೊತ್ತಿಲ್ಲ. ಆದ್ರೂ ತಡೀತಾರ.”